ಕೂಸು ಬಡವಾದದ್ದು ಯಾವಾಗ?

ಒಂದೇ ಕರಾರು, ಆರು ಪ್ರತಿ. ಆರಕ್ಕೂ ಗಂಡ ಹೆಂಡತಿ ಇಬ್ಬರ ಸಹಿ ಬಿದ್ದಿದೆ. ಮೂರು ಪ್ರತಿಗಳ ಅನುಬಂಧದಲ್ಲಿ ಬೇಸ್‌ಬಾಲ್ ತಂಡ ಗಂಡನ ಸ್ವಂತ ಆಸ್ತಿಯ ಪಟ್ಟಿಯಲ್ಲಿದೆ. ಉಳಿದ ಮೂರರಲ್ಲಿ ಅದೇ ತಂಡವನ್ನು ಬಿಟ್ಟು ಮಿಕ್ಕಿದ್ದೆಲ್ಲ ಗಂಡನದು ಎಂದಿದೆ. ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದ ಯಜಮಾನಿಕೆಗಾಗಿ ಫ್ರಾಂಕ್ ಮೆಕೋರ್ಟ್ ಮತ್ತು ಜೇಮಿ ಮೆಕೋರ್ಟ್ ಎರಡು ವರ್ಷ ಕೋರ್ಟು ಹತ್ತಿ ಇಳಿದದ್ದು ಈ ಕಾಗದಗಳ ಸಲುವಾಗಿ.

ಇಬ್ಬರೂ ಜಾರ್ಜ್‌ಟೌನ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಪರಿಚಯವಾದವರು. 1979ರಲ್ಲಿ ಮದುವೆ, ಆಮೇಲೆ ನಾಲ್ಕು ಗಂಡುಮಕ್ಕಳು. ಆತ ಬಾಸ್ಟನ್ನಿನ ಬಂದರಿನ ಬಳಿ ಪಾರ್ಕಿಂಗ್ ಜಾಗಗಳನ್ನಿಟ್ಟುಕೊಂಡಿದ್ದ ಭೂವ್ಯವಹಾರದ ಮನುಷ್ಯ. ಆಕೆ ವಕೀಲೆ. 2004ರಲ್ಲಿ ರೂಪರ್ಟ್ ಮರ್ಡಾಕ್ ಕಂಪನಿಯಿಂದ ಸುಮಾರು 43 ಕೋಟಿ ಡಾಲರಿಗೆ ಡಾಡ್ಜರ್ಸ್ ತಂಡವನ್ನು ಕೊಂಡರು. ಕೈಯಿಂದ ಹಾಕಿದ ದುಡ್ಡು ಕಡಿಮೆ, ಸಾಲವೇ ಹೆಚ್ಚು. ಬಾಸ್ಟನ್ನಿನ ಜಾಗ ಅಡಮಾನಕ್ಕೆ ಹೋಯಿತು. ಈ ಸಾಲದ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದಿನ ಕಥೆಯೆಲ್ಲ ಅದರದೇ.

ಕೊಂಡದ್ದಾದರೂ ಎಂಥ ತಂಡವನ್ನು! 1947ರಲ್ಲಿ ಜಾಕಿ ರಾಬಿನ್ಸನ್ ಎಂಬ ಕಪ್ಪು ಆಟಗಾರನನ್ನು ಕಣಕ್ಕಿಳಿಸಿ ಅಮೆರಿಕದ ಬೇಸ್‌ಬಾಲಿನ ವರ್ಣಬೇಲಿಯನ್ನು ಮುರಿದದ್ದು ಈ ತಂಡ. ಆಗ ಅದು ಬ್ರೂಕ್ಲಿನ್ನಿನಲ್ಲಿತ್ತು. 1958ರಲ್ಲಿ ಲಾಸ್ ಏಂಜಲೀಸಿಗೆ ಬಂತು. 1962ರಲ್ಲಿ ಸ್ಟೇಡಿಯಂ ಎದ್ದದ್ದು ಚಾವೇಜ್ ರವೀನ್ ಎಂಬ ಗುಡ್ಡಪ್ರದೇಶದಲ್ಲಿ. ಅದಕ್ಕೂ ಹಿಂದಿನ ದಶಕದಲ್ಲಿ ಸರ್ಕಾರಿ ವಸತಿ ಯೋಜನೆಯ ಹೆಸರಿನಲ್ಲಿ ಅಲ್ಲಿಂದ ಮೆಕ್ಸಿಕನ್ ಮೂಲದ ಕುಟುಂಬಗಳನ್ನು ಎಬ್ಬಿಸಿ ಕಳಿಸಿದ್ದರು. ವಸತಿ ಬರಲಿಲ್ಲ, ಮೈದಾನ ಬಂತು. ಆ ಕಹಿ ಎಷ್ಟೋ ವರ್ಷ ಉಳಿಯಿತು. 1981ರಲ್ಲಿ ಮೆಕ್ಸಿಕೋದ ಹಳ್ಳಿಯೊಂದರಿಂದ ಬಂದ ಫರ್ನಾಂಡೋ ವಲೆನ್ಸುವೇಲಾ ಎಂಬ ಹುಡುಗ ಚೆಂಡೆಸೆಯಲು ನಿಂತ ಮೇಲೆ ಅದೇ ಜನ ಕುಟುಂಬ ಸಮೇತ ಗುಡ್ಡ ಹತ್ತತೊಡಗಿದರು. ಇಷ್ಟೆಲ್ಲ ನೋವು, ಇಷ್ಟೆಲ್ಲ ಪ್ರೀತಿ ಸೇರಿ ಆದ ತಂಡ ಅದು. ಅದು ನನ್ನದು, ನಿನ್ನದು ಎಂದು ಇಬ್ಬರು ಎಳೆದಾಡುವುದನ್ನು ಓದುವಾಗ ನನಗೆ ಹೊಟ್ಟೆ ಕಿವುಚಿದಂತಾಗುತ್ತದೆ.

ಕರಾರಿಗೆ ಮರಳೋಣ. ತಂಡ ಕೊಂಡ ಹೊತ್ತಿನಲ್ಲೇ ಬರೆಸಿದ ಕಾಗದ ಅದು. ವ್ಯಾಪಾರ ಮುಳುಗಿದರೆ ಸಾಲ ಕೊಟ್ಟವರು ಮನೆಗಳಿಗೆ ಕೈ ಹಾಕಬಾರದು. ಅದಕ್ಕೇ ಮನೆಗಳು ಹೆಂಡತಿಯ ಹೆಸರಿಗೆ, ವ್ಯವಹಾರವೆಲ್ಲ ಗಂಡನ ಹೆಸರಿಗೆ. ಮನೆಯನ್ನು ಮನೆಯಾಕೆಯ ಹೆಸರಿಗೆ ಮಾಡಿಸುವ ಪದ್ಧತಿ ನಮ್ಮ ವ್ಯಾಪಾರಸ್ಥರಿಗೂ ಹೊಸದಲ್ಲ. ಆದರೆ ಕ್ಯಾಲಿಫೋರ್ನಿಯಾದಲ್ಲಿ ದಾಂಪತ್ಯದ ಅವಧಿಯಲ್ಲಿ ಗಳಿಸಿದ್ದು ಇಬ್ಬರಿಗೂ ಸಮಪಾಲು, ಬೇರೆ ಕರಾರು ಇದ್ದರೆ ಮಾತ್ರ ಬೇರೆ ಮಾತು. ನಮ್ಮಲ್ಲಿ ವಿಚ್ಛೇದನವಾದರೆ ಜೀವನಾಂಶ ಕೇಳಬಹುದು, ಗಂಡನ ಗಳಿಕೆಯಲ್ಲಿ ಅರ್ಧ ಪಾಲು ಎಂಬುದಿಲ್ಲ. ಪಕ್ಕದ ಗೋವಾ ಇದಕ್ಕೆ ಹೊರತು, ಪೋರ್ಚುಗೀಸರ ಕಾಲದ ಕಾನೂನು ಅಲ್ಲಿ ಇನ್ನೂ ನಡೆಯುತ್ತದೆ. ಮೂವತ್ತು ವರ್ಷ ಜೊತೆಗೆ ಬಾಳಿದವಳಿಗೆ ಪಾಲಿರಬೇಕು ಎಂಬುದನ್ನು ನಾನಂತೂ ಒಪ್ಪುತ್ತೇನೆ.

2009ರ ಅಕ್ಟೋಬರ್ 14ರಂದು, ಫಿಲಡೆಲ್ಫಿಯಾ ಎದುರಿನ ದೊಡ್ಡ ಸರಣಿಗೆ ಒಂದು ದಿನ ಮುಂಚೆ, ಇಬ್ಬರೂ ಬೇರೆಯಾದ ಸುದ್ದಿ ಹೊರಬಿತ್ತು. ಸರಣಿ ಸೋತ ಬೆನ್ನಿಗೇ ಫ್ರಾಂಕ್, ತಂಡದ ಸಿಇಒ ಆಗಿದ್ದ ಜೇಮಿಯನ್ನು ಕೆಲಸದಿಂದ ತೆಗೆದುಹಾಕಿದ. ಆಕೆ ವಿಚ್ಛೇದನಕ್ಕೆ ಅರ್ಜಿ ಹಾಕಿದಳು.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಎಂಬ ಗಾದೆ ಇಲ್ಲಿ ಯಾರ ಬಾಯಿಗಾದರೂ ಬರುತ್ತದೆ. ನಾನು ಒಪ್ಪುವುದಿಲ್ಲ. ಈ ಕೂಸು ಜಗಳಕ್ಕೆ ಬಹಳ ಮುಂಚೆಯೇ ಸೊರಗಿತ್ತು. ಜಗಳ ಅದರ ಅಂಗಿ ಎತ್ತಿ ಪಕ್ಕೆಲುಬು ತೋರಿಸಿತು, ಅಷ್ಟೆ. ವಿಚ್ಛೇದನದ ಕಡತಗಳು ತೆರೆದುಕೊಂಡಾಗ ಲೆಕ್ಕಗಳು ಒಂದೊಂದಾಗಿ ಹೊರಬಂದವು. ಬೆವರ್ಲಿ ಹಿಲ್ಸ್ ಪಕ್ಕದಲ್ಲಿ, ಮಾಲಿಬು ಸಮುದ್ರದಂಡೆಯಲ್ಲಿ ಬಂಗಲೆಗಳು, ಒಂದರ ಪಕ್ಕಕ್ಕೇ ಇನ್ನೊಂದು. ಇಬ್ಬರು ಮಕ್ಕಳಿಗೆ ಸೇರಿ ವರ್ಷಕ್ಕೆ 6 ಲಕ್ಷ ಡಾಲರ್ ಸಂಬಳ. ತಂಡದ ಆಟವನ್ನು ಬಾಸ್ಟನ್ನಿನಲ್ಲಿ ಕೂತು ಟಿವಿಯಲ್ಲಿ ನೋಡುತ್ತ ಒಳ್ಳೆಯ ಶಕ್ತಿ ಕಳಿಸುವುದಕ್ಕೆ ಒಬ್ಬ ವೃದ್ಧ ವಿಜ್ಞಾನಿಗೆ ಹಣ. ಜೇಮಿಗೆ ತಾತ್ಕಾಲಿಕವಾಗಿ ತಿಂಗಳಿಗೆ 6,37,159 ಡಾಲರ್ ಕೊಡಬೇಕೆಂದು ಕೋರ್ಟು ಹೇಳಿತು. ಅದರಲ್ಲಿ ಹೆಚ್ಚಿನ ಪಾಲು ಆ ಮನೆಗಳ ಸಾಲದ ಕಂತಿಗೆ ಮತ್ತು ಖರ್ಚಿಗೇ ಬೇಕಿತ್ತು. ಟಿಕೆಟ್ ಕೊಂಡು ಬಂದವನ ದುಡ್ಡು ಎಲ್ಲಿಗೆ ಹೋಗುತ್ತಿತ್ತು ಎಂದು ಊರಿಗೆ ಗೊತ್ತಾದದ್ದು ಹೀಗೆ. ಅವರು ಸುಖವಾಗಿ ಸಂಸಾರ ಮಾಡಿಕೊಂಡಿದ್ದರೆ ಇನ್ನೂ ಎಷ್ಟು ವರ್ಷ ಇದು ಮುಚ್ಚಿಟ್ಟುಕೊಂಡೇ ನಡೆಯುತ್ತಿತ್ತೋ!

2010ರ ಡಿಸೆಂಬರಿನಲ್ಲಿ ನ್ಯಾಯಾಧೀಶ ಸ್ಕಾಟ್ ಗಾರ್ಡನ್ ಆ ಕರಾರು ಊರ್ಜಿತವಲ್ಲ ಎಂದರು. ಸಹಿಯಾದ ಮೇಲೆ ವಕೀಲರೊಬ್ಬರು ಅನುಬಂಧದ ಹಾಳೆಯನ್ನು ಬದಲಿಸಿದ್ದು ವಿಚಾರಣೆಯಲ್ಲಿ ಬಯಲಾಗಿತ್ತು. ತಂಡ ಫ್ರಾಂಕ್ ಒಬ್ಬನದೇ ಎಂಬ ವಾದ ಅಲ್ಲಿಗೆ ಬಿತ್ತು.

ಮುಂದಿನ ವರ್ಷ ಇನ್ನೂ ಕೆಟ್ಟದ್ದು. 2011ರ ಮೊದಲ ಪಂದ್ಯದ ದಿನ ಸ್ಟೇಡಿಯಮ್ಮಿನ ಪಾರ್ಕಿಂಗ್ ಜಾಗದಲ್ಲಿ ಎದುರಾಳಿ ತಂಡದ ಅಭಿಮಾನಿಯೊಬ್ಬನನ್ನು ಬಡಿದು ಹಾಕಿದರು. ಮಿದುಳಿಗೆ ಪೆಟ್ಟಾಗಿ ಅವನ ಬದುಕೇ ಬೇರೆಯಾಯಿತು. ಕಾವಲಿಗೂ ಗತಿಯಿಲ್ಲವೇ ಎಂದು ಜನ ಸಿಟ್ಟಾದರು. ಏಪ್ರಿಲಿನಲ್ಲಿ ಬೇಸ್‌ಬಾಲ್ ಕಮಿಷನರ್ ಬಡ್ ಸೀಲಿಗ್ ತಂಡದ ದಿನನಿತ್ಯದ ಆಡಳಿತದ ಮೇಲೆ ತಮ್ಮ ಉಸ್ತುವಾರಿ ಹೇರಿದರು. ಫಾಕ್ಸ್ ಚಾನೆಲ್ ಜೊತೆ ಟಿವಿ ಒಪ್ಪಂದ ಮಾಡಿಕೊಂಡು ಮುಂಗಡ ತಂದು ಬಚಾವಾಗುವ ಯೋಚನೆ ಫ್ರಾಂಕ್‌ನದು. ಸೀಲಿಗ್ ಅದಕ್ಕೂ ಒಪ್ಪಲಿಲ್ಲ. ಜೂನ್ 27ಕ್ಕೆ ತಂಡ ದಿವಾಳಿ ಅರ್ಜಿ ಹಾಕಿತು. ಬಾಕಿ ಬರಬೇಕಾದವರ ಪಟ್ಟಿಯ ಮೇಲ್ತುದಿಯಲ್ಲಿ ತಂಡ ಬಿಟ್ಟುಹೋಗಿದ್ದ ಆಟಗಾರ ಮ್ಯಾನಿ ರಮಿರೆಜ್, ಸುಮಾರು 2.1 ಕೋಟಿ ಡಾಲರ್. ಅದೇ ಪಟ್ಟಿಯಲ್ಲಿ ವಿನ್ ಸ್ಕಲಿ! 1950ರಿಂದ ಈ ತಂಡದ ವೀಕ್ಷಕ ವಿವರಣೆ ಹೇಳುತ್ತ ಬಂದ ಹಿರಿಯ. ಸ್ಟೇಡಿಯಮ್ಮಿನಲ್ಲೇ ಕೂತವರು ಕೂಡ ಅವರ ದನಿಗಾಗಿ ಟ್ರಾನ್ಸಿಸ್ಟರ್ ಹಿಡಿದುಕೊಂಡು ಬರುತ್ತಿದ್ದರು. ಅಂಥವರನ್ನೂ ಬಾಕಿಗಾಗಿ ಕಾಯುವವರ ಸಾಲಿನಲ್ಲಿ ನಿಲ್ಲಿಸಿದ್ದನ್ನು ನಾನು ಕ್ಷಮಿಸಲಾರೆ.

ಆ ಅಕ್ಟೋಬರಿನಲ್ಲಿ ಜೇಮಿ ಸುಮಾರು 13.1 ಕೋಟಿ ಡಾಲರಿಗೆ ಒಪ್ಪಿ ತಂಡದ ಮೇಲಿನ ಹಕ್ಕು ಬಿಟ್ಟುಕೊಟ್ಟಳು. ಆರು ತಿಂಗಳೊಳಗೆ ತಂಡ ಮಾರಾಟಕ್ಕೆ ಕುದುರಿದ ಬೆಲೆ, ಸುತ್ತಲಿನ ಜಾಗದ ಪಾಲೂ ಸೇರಿ, 215 ಕೋಟಿ ಡಾಲರ್. ದಿವಾಳಿಗೆ ತಂದವನೇ ಜೇಬು ತುಂಬಿಕೊಂಡು ಹೊರನಡೆದ. ಬೆಲೆಯ ವಿಷಯದಲ್ಲಿ ನನಗೆ ಮೋಸವಾಯಿತು ಎಂದು ಜೇಮಿ ಮತ್ತೆ ಕೋರ್ಟಿಗೆ ಹೋದಳು. 2013ರಲ್ಲಿ ಆ ಅರ್ಜಿ ವಜಾ ಆಯಿತು. ಕಾನೂನಿನ ಲೆಕ್ಕದಲ್ಲಿ ಅದು ಸರಿಯಿರಬಹುದು, ಆಕೆಯೂ ವಕೀಲೆಯೇ. ಆದರೂ ಆ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಹೆಣ್ಣಿಗೆ ಅನ್ಯಾಯವಾಯಿತೆಂದೇ ನನಗೆ ತೋರುತ್ತದೆ. ಆಮೇಲೆ ಆತ ಫ್ರಾನ್ಸಿನ ಮಾರ್ಸೆ ಫುಟ್‌ಬಾಲ್ ತಂಡ ಕೊಂಡ. ಮರುವರ್ಷ ಆಕೆ ಅದೇ ಫ್ರಾನ್ಸಿಗೆ ಅಮೆರಿಕದ ರಾಯಭಾರಿಯಾಗಿ ಹೋದಳು. ಋಣಾನುಬಂಧ ಎಂದರೆ ಇದೇ ಇರಬೇಕು.

ಲಾಸ್ ಏಂಜಲೀಸಿಗೆ ಹೊಸ ಮಾಲೀಕರು ಬಂದರು, ಜೊತೆಗೆ ಊರಿನ ಕಣ್ಮಣಿ ಬ್ಯಾಸ್ಕೆಟ್‌ಬಾಲಿನ ಮ್ಯಾಜಿಕ್ ಜಾನ್ಸನ್. ಬಂದವರು ಮೊದಲ ಪತ್ರಿಕಾಗೋಷ್ಠಿಯಲ್ಲೇ ಪಾರ್ಕಿಂಗ್ ಶುಲ್ಕವನ್ನು 15 ಡಾಲರಿನಿಂದ 10ಕ್ಕೆ ಇಳಿಸಿದರು. 2011ರಲ್ಲಿ 30 ಲಕ್ಷಕ್ಕಿಂತ ಕೆಳಗಿಳಿದಿದ್ದ ಪ್ರೇಕ್ಷಕರ ಸಂಖ್ಯೆ 2013ರಲ್ಲಿ 37 ಲಕ್ಷ ದಾಟಿತು. ಆ ವರ್ಷ ಇಡೀ ಲೀಗಿನಲ್ಲಿ ಅಷ್ಟು ಜನ ಬೇರೆ ಯಾವ ಸ್ಟೇಡಿಯಮ್ಮಿಗೂ ಬರಲಿಲ್ಲ.