ಎರೆಮಣ್ಣಿನ ನಾಡಿನ ಹಳೆಯ ಗಾಡಿ

ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಹುಬ್ಬಳ್ಳಿಯಿಂದ ದಕ್ಷಿಣಕ್ಕೆ ಬರುವ ಪ್ರವಾಸಿಗನಿಗೆ ಹಾವೇರಿಯ ತರುವಾಯ ರಾಣೇಬೆನ್ನೂರು ಎದುರಾಗುತ್ತದೆ. ಕೃಷ್ಣಮೃಗಗಳ ಅಭಯಾರಣ್ಯದಿಂದ ಹೆಸರಾದ ಈ ತಾಲ್ಲೂಕಿಗೆ ಸೇರಿದ ಗ್ರಾಮ ಕುಪ್ಪೇಲೂರು. 1997ರವರೆಗೆ ಧಾರವಾಡ ಜಿಲ್ಲೆಯಲ್ಲಿದ್ದ ಈ ಸೀಮೆ ಈಗ ಹಾವೇರಿ ಜಿಲ್ಲೆಯದು. ಹತ್ತಿ, ಗೋವಿನಜೋಳ, ಮೆಣಸಿನಕಾಯಿ ಇಲ್ಲಿಯ ರೈತನ ಆಧಾರ. ಎರೆಮಣ್ಣು ಬೇಸಗೆಯಲ್ಲಿ ನುಣ್ಣನೆಯ ಧೂಳಾಗಿ ಏಳುತ್ತದೆ. ಮಳೆಗಾಲದಲ್ಲಿ ಗಾಲಿಗೆ ಅಂಟಿ ಬಿಡದಾಗುತ್ತದೆ.

ಚಕ್ಕಡಿಯ ಜಾಗಕ್ಕೆ ಕ್ರಮೇಣ ಮೋಟಾರು ಬಂದಿತು. ಮಹೀಂದ್ರ ಸಂಸ್ಥೆಯು 1947ರಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿತು. 1994ರಲ್ಲಿ ಟಾಟಾ ಸುಮೊ, 2000ದಲ್ಲಿ ಬೊಲೆರೊ ರಸ್ತೆಗಿಳಿದವು. ಹಳ್ಳಿಯಲ್ಲಿ ಇಂಥ ಗಾಡಿ ವಿಲಾಸದ ವಸ್ತುವಲ್ಲ. ಬಸುರಿಯನ್ನು ಆಸ್ಪತ್ರೆಗೆ ಒಯ್ಯುವುದೂ ಅದೇ, ಮದುವೆಯ ದಿಬ್ಬಣಕ್ಕೂ ಅದೇ, ಬ್ಯಾಡಗಿಯ ಪೇಟೆಗೆ ಚೀಲ ಹೊರುವುದೂ ಅದೇ.

ಅಂಥದೊಂದು ಮುದಿ ಬೊಲೆರೊ, ಮೆಣಸಿನಕಾಯಿ ಚೀಲಗಳನ್ನು ಹೊತ್ತು, ಊರ ಹೊರಗಿನ ಬೇವಿನ ಮರದಡಿ ಆವಿ ಕಾರುತ್ತ ನಿಂತಿದೆ. ಇಂಜಿನ್ನೇ ಕೆಟ್ಟಿದ್ದರೆ ಮಗಳ ಹಾಸ್ಟೆಲಿಗೆಂದು ಕೂಡಿಟ್ಟ ಹಣ ಕೈಬಿಟ್ಟಂತೆಯೇ ಸರಿ. ಗಾಡಿಯ ಯಜಮಾನ ಆತುರದಿಂದ ರೇಡಿಯೇಟರಿನತ್ತ ಕೈಚಾಚುತ್ತಾನೆ.

“ಮುಚ್ಚಳ ಮುಟ್ಟಬ್ಯಾಡ್ರಿ ಗೌಡ್ರ! ಒಳಗ ನೀರು ಕುದಿಯಾಕತ್ತೈತಿ” ಎಂದು ಮಿಸ್ತ್ರಿ ತಡೆಯುತ್ತಾನೆ. ಬಿಸಿಯಿರುವಾಗ ಮುಚ್ಚಳ ತೆರೆದರೆ ಕುದಿನೀರು ಮುಖಕ್ಕೇ ಚಿಮ್ಮುತ್ತದೆ. ಕಾದ ಇಂಜಿನ್ನಿಗೆ ತಣ್ಣೀರು ಸುರಿದರೆ ಸಿಲಿಂಡರ್ ಹೆಡ್ ಬಿರಿಯಬಹುದು. ಆರುವ ತನಕ ಕಾಯುವುದೇ ಮೊದಲನೆಯ ಚಿಕಿತ್ಸೆ.

“ನಿಂತಾಗ ಕಾಯತೈತೇನ್ರಿ, ಓಡೂವಾಗ ಕಾಯತೈತೇನ್ರಿ?”

“ಹೇರು ಹಾಕ್ಕೊಂಡು ಓಡೂವಾಗ, ಮಿಸ್ತ್ರಿ.”

ಈ ಒಂದು ಉತ್ತರದಲ್ಲಿ ಅರ್ಧ ನಿದಾನ ಮುಗಿಯಿತು. ನಿಂತಾಗ ಮಾತ್ರ ಕಾದರೆ ಅನುಮಾನ ಫ್ಯಾನಿನ ಮೇಲೆ. ಭಾರ ಹೊತ್ತು ಓಡುವಾಗ ಕಾದರೆ ರೇಡಿಯೇಟರಿನ ಮೇಲೆ. ಆದರೂ ಮಿಸ್ತ್ರಿ ದೊಡ್ಡ ರೋಗದ ಶಂಕೆಯನ್ನು ಮೊದಲು ನಿವಾರಿಸಿಕೊಳ್ಳುತ್ತಾನೆ. ಆಯಿಲ್ ಕಡ್ಡಿಯನ್ನು ಎಳೆದು ನೋಡುತ್ತಾನೆ. ಎಣ್ಣೆ ಹಾಲು ಬೆರೆತ ಚಹದಂತಿದ್ದರೆ ಒಳಗೆ ನೀರು ಸೇರಿದೆ, ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದು ಶಂಕಿಸಬೇಕು. ಎಣ್ಣೆ ಕಪ್ಪಾಗಿಯೇ ಇದೆ. ಗೌಡರ ಮುಖದಲ್ಲಿ ಜೀವಕಳೆ ಮೂಡುತ್ತದೆ.

ಟಾರ್ಚು ಹಿಡಿದು ನೋಡಿದರೆ ರೇಡಿಯೇಟರಿನ ತೆಳುವಾದ ರೆಕ್ಕೆಗಳ ನಡುವೆ ಗೋವಿನಜೋಳದ ಹೊಟ್ಟೂ ಎರೆಧೂಳೂ ಸೇರಿ ಗೋಡೆ ಕಟ್ಟಿವೆ. ಗಾಳಿಯಾಡದೆ ನೀರು ತಣಿಯುವುದೆಂತು? ಇಂಜಿನ್ನಿನ ಕಡೆಯಿಂದ ಹೊರಮುಖವಾಗಿ, ರೆಕ್ಕೆ ಬಾಗದಂತೆ, ಮೆಲ್ಲನೆ ನೀರು ಬಿಟ್ಟು ತೊಳೆದದ್ದಾಯಿತು. ಸಡಿಲವಾಗಿದ್ದ ಫ್ಯಾನ್ ಬೆಲ್ಟನ್ನು ಬಿಗಿದು, ಬಿರುಕು ಬಿಟ್ಟ ರಬ್ಬರ್ ಕೊಳವೆಯನ್ನು ಬದಲಿಸಿ, ಕೂಲಂಟ್ ತುಂಬಿದ ಮೇಲೆ ಇಂಜಿನ್ ಓಡಿತು. ಅರ್ಧ ಗಂಟೆಯಾದರೂ ಮುಳ್ಳು ಮೇಲೇರಲಿಲ್ಲ.

ಮುದಿ ಗಾಡಿ ತನ್ನ ನೋವನ್ನು ತಾನೇ ಹೇಳಿಕೊಳ್ಳುತ್ತದೆ; ಕೇಳುವ ವ್ಯವಧಾನವಿರಬೇಕು, ಅಷ್ಟೆ. ಕಪ್ಪು ಹೊಗೆ ಬಂದರೆ ಏರ್ ಫಿಲ್ಟರ್ ಕಟ್ಟಿರಬಹುದು ಅಥವಾ ಇಂಜೆಕ್ಟರ್ ಕೆಟ್ಟಿರಬಹುದು. ನೀಲಿ ಹೊಗೆ ಬಂದರೆ ಎಣ್ಣೆ ಉರಿಯುತ್ತಿದೆ. ಬಿಳಿ ಹೊಗೆ ನಿಲ್ಲದೆ ಬರುತ್ತಿದ್ದರೆ ನೀರೋ ಉರಿಯದ ಡೀಸೆಲ್ಲೋ ಕಾರಣ. ಮುಂಜಾನೆ ಸ್ಟಾರ್ಟ್ ಆಗದಿದ್ದರೆ ಹೊಸ ಬ್ಯಾಟರಿಗೆ ಓಡುವ ಮೊದಲು ಅದರ ತುದಿಗಳಲ್ಲಿ ಕಟ್ಟಿದ ಬಿಳಿ ಹುಡಿಯನ್ನು ನೋಡಬೇಕು. ಋಣ ತಂತಿಯನ್ನು ಮೊದಲು ಬಿಚ್ಚಿ, ಅಡಿಗೆ ಸೋಡಾ ಬೆರೆಸಿದ ನೀರಿನಿಂದ ಒರೆಸಿದರೆ ಎಷ್ಟೋ ಸಲ ಕೆಲಸ ಕೈಗೂಡುತ್ತದೆ. ಡೀಸೆಲ್ ಫಿಲ್ಟರ್ ಬದಲಿಸಿದ ಬಳಿಕ ಇಂಜಿನ್ ಮುಷ್ಕರ ಹೂಡಿದರೆ ಒಳಹೊಕ್ಕ ಗಾಳಿಯನ್ನು ಕೈಪಂಪಿನಿಂದ ಹೊರಹಾಕಬೇಕು. ಆದರೆ ಬ್ರೇಕ್ ಪೆಡಲ್ ಮೆತ್ತಗಾಗಿ ಒಳಗಿಳಿದರೆ ಮಾತ್ರ ಮನೆಮದ್ದು ಸಲ್ಲದು; ಗಾಡಿಯನ್ನು ಅಲ್ಲಿಯೇ ನಿಲ್ಲಿಸಿ ತಿಳಿದವರನ್ನು ಕರೆಸುವುದೇ ಜಾಣತನ. ಏಕೆಂದರೆ ಅಲ್ಲಿ ಪಣಕ್ಕಿರುವುದು ಹಣವಲ್ಲ, ಪ್ರಾಣ.

ಬಿಸಿಲೇರುವ ಹೊತ್ತಿಗೆ ಬೊಲೆರೊ ಬ್ಯಾಡಗಿಯ ದಾರಿ ಹಿಡಿಯಿತು. ಅಚ್ಚಗೆಂಪು ಬಣ್ಣಕ್ಕೆ ಹೆಸರಾಗಿ 2011ರಲ್ಲಿ ಭೌಗೋಳಿಕ ಮಾನ್ಯತೆ ಪಡೆದ ಮೆಣಸಿನಕಾಯಿಯ ಘಾಟು ಹಾದಿಯುದ್ದಕ್ಕೂ ಹರಡಿತು. ಗೌಡರು ಮುಳ್ಳಿನ ಮೇಲೊಂದು ಕಣ್ಣಿಟ್ಟೇ ಗಾಡಿ ಓಡಿಸಿದರು. ಮಗಳ ಹಾಸ್ಟೆಲಿನ ಹಣ ಮನೆಯ ಕಪಾಟಿನಲ್ಲಿ ಹಾಗೆಯೇ ಉಳಿದಿತ್ತು.