ಹತ್ತನೇ ಕ್ಲಾಸ್ ಆಯ್ತು, ಮುಂದೆ?

ಎಸ್ಸೆಸ್ಸೆಲ್ಸಿ ಫಲಿತಾಂಶದ ಸುದ್ದಿ ಕಳಿಸುವಷ್ಟರಲ್ಲೇ ಊರಿಂದ ನನಗೆ ಫೋನ್ ಶುರು. "ಅಣ್ಣಾ, ಪಿಯುಸಿಗೆ ಹಾಕ್ಲಾ, ಡಿಪ್ಲೊಮಾಗಾ?" ಪೇಪರಿನವರಿಗೆ ಎಲ್ಲಾ ಗೊತ್ತಿರುತ್ತೆ ಅಂತ ನಂಬಿಕೆ. ನನಗೆ ಗೊತ್ತಿರೋದು ಇಷ್ಟು.

ಪಿಯುಸಿ 2 ವರ್ಷ. ವಿಜ್ಞಾನ ಓದಿದವರು ಆಮೇಲೆ ಬಿ.ಎ.ಗೋ ಕಾನೂನಿಗೋ ಹೋಗಬಹುದು. ಕಲಾ ವಿಭಾಗದಿಂದ ಎಂಜಿನಿಯರಿಂಗಿಗೆ ದಾರಿ ಇಲ್ಲ. ಡಾಕ್ಟರ್ ಆಗಬೇಕಾದರೆ ಜೀವಶಾಸ್ತ್ರ ಓದಿ ನೀಟ್ ಬರೆಯಲೇಬೇಕು.

ಡಿಪ್ಲೊಮಾ 3 ವರ್ಷ. ಮುಗಿಸಿ ಡಿಸಿಇಟಿ ಬರೆದರೆ ಎಂಜಿನಿಯರಿಂಗ್ 2ನೇ ವರ್ಷಕ್ಕೇ ಸೇರಬಹುದು. ಪಿಯುಸಿಯಿಂದ ಹೋದರೂ ಡಿಪ್ಲೊಮಾದಿಂದ ಹೋದರೂ ಒಟ್ಟು 6 ವರ್ಷವೇ. ಆದರೆ ಮನೆ ಕಷ್ಟಕ್ಕೆ ಓದು ಅರ್ಧಕ್ಕೆ ನಿಂತರೆ, ಡಿಪ್ಲೊಮಾ ಮುಗಿಸಿದವರ ಕೈಲಿ ಕೆಲಸಕ್ಕೆ ಆಗುವ ಸರ್ಟಿಫಿಕೇಟ್ ಇರುತ್ತೆ. ಐಟಿಐನಲ್ಲಿ ಫಿಟ್ಟರ್, ಎಲೆಕ್ಟ್ರಿಷಿಯನ್ 2 ವರ್ಷ. ಅಲ್ಲಿಂದ ಡಿಪ್ಲೊಮಾ 2ನೇ ವರ್ಷಕ್ಕೂ ಹೋಗಬಹುದು.

ನಮ್ಮೂರಲ್ಲಿ ಕೂಲಿ ಮಾಡುವವರ ಮಗಳೊಬ್ಬಳು ಲೆಕ್ಕದಲ್ಲಿ ಜಾಣೆ. ಪಕ್ಕದೂರಿನ ಕಾಲೇಜಲ್ಲಿ ಇರೋದು ಕಲಾ ವಿಭಾಗ ಮಾತ್ರ. "ಬಸ್ಸಿನ ತಾಪತ್ರಯ ಬೇಡ, ಅಲ್ಲಿಗೇ ಹೋಗಲಿ" ಅಂದರು ಅವರಪ್ಪ. ಬಸ್ ಪಾಸಿಗೆ ದಾರಿ ಹುಡುಕಬಹುದು. ತಪ್ಪಿಹೋದ ಗಣಿತಕ್ಕೆ ಆಮೇಲೆ ದಾರಿ ಸಿಗೋದು ಕಷ್ಟ. ಅರ್ಜಿ ತುಂಬುವ ಮೊದಲು ಆ ಹುಡುಗಿಯನ್ನೂ ಒಂದು ಮಾತು ಕೇಳಿ.