ಕೋಲಾಟದ ಪದಕ್ಕೆ ಮುಪ್ಪಿಲ್ಲ

ಕುಣಿತದ ಹಾಡು ಹರೆಯದವರ ಸೊತ್ತು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಒಂದು ಕಾಲಕ್ಕೆ ಪದ ಹೇಳಿ ಊರನ್ನೇ ಕುಣಿಸಿದವರು ಬಹುಕಾಲ ಸುಮ್ಮನಿದ್ದು, ಇಳಿವಯಸ್ಸಿನಲ್ಲಿ ತಮ್ಮ ಬಾಳಿನ ಪದಗಳನ್ನೆಲ್ಲ ಒಂದು ಆಲ್ಬಂ ಮಾಡಿದರೆ ಅದನ್ನು ನೆನಪಿನ ಕಾಣಿಕೆ ಎಂದು ಗೌರವಿಸುತ್ತೇವೆ. ಅದಕ್ಕೆ ಹೆಜ್ಜೆ ಹಾಕುವ ಯೋಚನೆಯೇ ಬರುವುದಿಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯ ಕೋಲಾಟವನ್ನು ಪ್ರೀತಿಯಿಂದ ಕೇಳುವ ನನಗೆ ಇದು ಒಪ್ಪಿಗೆಯಾಗುವುದಿಲ್ಲ. ಬಿಡುವಿನ ನಂತರ ಮಾಗಿದ ಕಂಠ ಹೇಳುವ ಪದಗಳೇ ಈ ಕಲೆಗೆ ಅತ್ಯುತ್ತಮ ದಾಖಲೆ ಎಂಬುದು ನನ್ನ ವಾದ.

ಕೋಲಾಟದ ಕಟ್ಟಿನಲ್ಲೇ ಇದಕ್ಕೆ ಆಧಾರವಿದೆ. ತಾಳ ಹಿಡಿದವರು ನಡುವೆ ನಿಂತು ಒಂದು ಸಾಲು ಎತ್ತುತ್ತಾರೆ; ಸುತ್ತಲಿನವರು ಅದೇ ಸಾಲನ್ನೋ ಸೊಲ್ಲನ್ನೋ ತಿರುಗಿ ಹೇಳುತ್ತಾ, ಪಕ್ಕದವರ ಕೋಲಿಗೆ ಕೋಲು ತಾಗಿಸಿ ಒಂದು ಹೆಜ್ಜೆ ಸರಿಯುತ್ತಾರೆ. ಅಷ್ಟರಲ್ಲಿ ಪದ ಎತ್ತಿದವರಿಗೆ ಉಸಿರಾಡಲು ಪುರುಸೊತ್ತು ಸಿಗುತ್ತದೆ, ಮುಂದಿನ ಸಾಲು ನಾಲಿಗೆಗೆ ಬರುತ್ತದೆ. ಇಲ್ಲಿ ಏರುದನಿಗಿಂತ ಮುಖ್ಯವಾದದ್ದು ಎರಡು: ಕೋಲು ತಾಗುವ ಗಳಿಗೆಗೆ ಸರಿಯಾಗಿ ಮಾತು ಬೀಳಿಸುವ ಲಯ ಮತ್ತು ಬರಿದಾಗದ ಪದಗಳ ಕಣಜ. ಇವೆರಡೂ ವಯಸ್ಸಾದಂತೆ ಬಲಿಯುವಂಥವು. ಬಿಡುವೂ ಈ ಕಲೆಗೆ ಹೊಸದಲ್ಲ. ಮಳೆ ನೆಚ್ಚಿದ ಈ ಸೀಮೆಯಲ್ಲಿ ಕಡಲೆಕಾಯಿ ಕಿತ್ತು, ರಾಗಿ ಒಕ್ಕಿ, ಹಬ್ಬ ಜಾತ್ರೆಗಳ ದಿನ ಬಂದ ಮೇಲೆ ತಾನೇ ಕೋಲಿಗೆ ಕೆಲಸ? ಸಂಗ್ರಹವೂ ಒಂದೇ ಸುಗ್ಗಿಯಲ್ಲಿ ಕೂಡುವಂಥದ್ದಲ್ಲ. ಶಿರಾ ಕಡೆಯ ಗೊಲ್ಲರಹಟ್ಟಿಗಳಿಗೆ ತಮ್ಮ ದೈವ ಜುಂಜಪ್ಪನ ಕಥೆಯಿದೆ. ಪಾವಗಡದಲ್ಲಿ ಕನ್ನಡದ ಜೊತೆಗೆ ತೆಲುಗೂ ಮನೆಮಾತು, ಒಂದೇ ಹೆಜ್ಜೆಗೆ ಎರಡು ಭಾಷೆಯ ಪದವೂ ಕೂಡುತ್ತದೆ. ಇಷ್ಟನ್ನೂ ಬಾಯಲ್ಲಿ ಇಟ್ಟುಕೊಳ್ಳಲು ಒಂದು ಆಯಸ್ಸೇ ಬೇಕು.

ಪಾವಗಡಕ್ಕೆ ಹೊಂದಿಕೊಂಡ ಚಳ್ಳಕೆರೆ ತಾಲ್ಲೂಕಿನ ಸಿರಿಯಜ್ಜಿಯನ್ನು ನೋಡಿ. ಅಕ್ಷರ ಕಲಿಯದ ಆ ಗೊಲ್ಲರಹಟ್ಟಿಯ ಹೆಣ್ಣುಮಗಳ ನೆನಪಿನಲ್ಲಿ ಸಾವಿರಾರು ಪದಗಳಿದ್ದವು. ಜಾನಪದ ವಿದ್ವಾಂಸ ಕೃಷ್ಣಮೂರ್ತಿ ಹನೂರು ಅವುಗಳನ್ನು ಸಂಗ್ರಹಿಸಿದ್ದರಿಂದ ನಾಡಿಗೆ ದಕ್ಕಿದವು. ದೂರದ ಕ್ಯೂಬಾದ ಹವಾನಾದಲ್ಲಿ ಇನ್ನೊಂದು ಸಾಕ್ಷಿ ಇದೆ. ಕುಣಿತದ ತಂಡಗಳಲ್ಲಿ ಹಾಡಿದ್ದ ಇಬ್ರಾಹಿಂ ಫೆರೆರ್ ಹಾಡುವುದನ್ನೇ ಬಿಟ್ಟಿದ್ದರು. 1996ರಲ್ಲಿ ಅವರನ್ನು ಸ್ಟುಡಿಯೋಗೆ ಕರೆತಂದಾಗ ವಯಸ್ಸು ಎಪ್ಪತ್ತರ ಹತ್ತಿರ. ಮರುವರ್ಷ ಬಂದ ‘ಬ್ಯೂನಾ ವಿಸ್ಟಾ ಸೋಷಿಯಲ್ ಕ್ಲಬ್’ ಆಲ್ಬಂ ಜಗತ್ತನ್ನೇ ಸುತ್ತಿತು. 1999ರಲ್ಲಿ ಅವರದೇ ಹೆಸರಿನ ಆಲ್ಬಂ ಬಂತು. ಕೇಳುಗರು ಮೆಚ್ಚಿದ್ದು ಅವರ ವಯಸ್ಸಿಗೆ ಮರುಗಿ ಅಲ್ಲ, ಆ ದನಿಯ ಹದಕ್ಕೆ ಮನಸೋತು.

ಸ್ಟುಡಿಯೋದಲ್ಲಿ ಕೋಲಾಟ ಸಾಯುತ್ತದೆ, ಬಯಲೂ ಇಲ್ಲ, ಸುತ್ತ ನಿಂತವರೂ ಇಲ್ಲ ಎಂದು ಕೆಲವರು ಹೇಳುತ್ತಾರೆ. ಈ ಆಕ್ಷೇಪಣೆಯಲ್ಲಿ ಸತ್ಯವಿದೆ. ಬೇಸರ ಬಂದೀತೆಂದು ಸೊಲ್ಲನ್ನು ಕತ್ತರಿಸಿ, ಕೀಬೋರ್ಡ್ ತುಂಬಿ, ಒಬ್ಬರ ದನಿಯನ್ನಷ್ಟೇ ಉಳಿಸಿದರೆ ಖಂಡಿತ ಸಾಯುತ್ತದೆ. ಹಾಗೆ ಮಾಡಲೇಬೇಕೆಂದು ಯಾರೂ ಕಟ್ಟುಪಾಡು ಹಾಕಿಲ್ಲವಲ್ಲ! ಹಿಮ್ಮೇಳದವರನ್ನೂ ಕರೆಸಿ, ಕೋಲಿನ ಸದ್ದು ಪದದಷ್ಟೇ ಸ್ಪಷ್ಟವಾಗಿ ಕೇಳುವಂತೆ ಮೈಕ್ ಇಡಬಹುದು. ಪದಗಳನ್ನು ಕಲಿತ ವರ್ಷದ ಪ್ರಕಾರವಲ್ಲ, ಕುಣಿತದ ಕ್ರಮದಲ್ಲೇ ಜೋಡಿಸಬೇಕು: ದೇವರ ಸ್ತುತಿ, ನಿಧಾನದ ಕಥೆ, ಬಿರುಸಿನ ಸುತ್ತು, ಕೊನೆಗೆ ಮಂಗಳ. ಆಗ ಅದನ್ನು ಹಾಕಿಕೊಂಡು ಕೊರಟಗೆರೆಯ ಶಾಲೆಯಲ್ಲಿ ಮಕ್ಕಳು ಹೆಜ್ಜೆ ಕಲಿಯಬಹುದು. ಹಿರಿಯ ಹಾಡುಗಾರರಿಗೆ ಸನ್ಮಾನದ ಶಾಲು ಹೊದಿಸುವ ಮೊದಲು ಅವರ ಪದಗಳನ್ನು ಪೂರ್ತಿ ಹೇಳಿಸಿಕೊಳ್ಳೋಣ. ಅವರಿಗೆ ಸಲ್ಲಬೇಕಾದ ಮರ್ಯಾದೆ ಅದು, ಮುಂದೆ ಕುಣಿಯುವವರಿಗೆ ನಾವು ಕೊಡಬೇಕಾದ ಬಾಕಿಯೂ ಅದೇ.